ಹದಿನಾಲ್ಕನೇ ನಂಬರಿನ ಗಾಜು ಮತ್ತು ನನ್ನ ಬಲಗೆನ್ನೆ

ಸೂರ್ಯನ ಹತ್ತಿರವೂ ಚೌಕಾಸಿ ಮಾಡಬಲ್ಲ ಹೆಂಗಸು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ; ಅವರು ನನ್ನ ಸೋದರತ್ತೆ. ಇದನ್ನು ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ನಾನು ಸರ್ವೇಯರ್. ಇಪ್ಪತ್ತಾರು ವರ್ಷಗಳಿಂದ ಜನರ ಹೊಲದ ಗಡಿ ಅಳೆದು, ಗೇಣು ಹೆಚ್ಚಾದರೆ ಒಬ್ಬರಿಂದ, ಗೇಣು ಕಡಿಮೆಯಾದರೆ ಇನ್ನೊಬ್ಬರಿಂದ ಬೈಸಿಕೊಂಡು ಬಂದವನು. ಕಂಡದ್ದಕ್ಕಿಂತ ಹೆಚ್ಚು ಹೇಳುವ ಅಭ್ಯಾಸ ನನ್ನಲ್ಲಿ ಉಳಿದಿಲ್ಲ. ಆದ್ದರಿಂದ, ಐವತ್ತು ದಾಟಿದ, ಇಬ್ಬರು ಮಕ್ಕಳ ತಂದೆಯಾದ, ಸರ್ಕಾರಿ ನೌಕರನಾದ ನನ್ನ ಕಪಾಳಕ್ಕೆ ಅತ್ತೆ ನೆರೆಹೊರೆಯವರ ಕಣ್ಣೆದುರೇ ಹೊಡೆದದ್ದು ಹೇಗೆ, ಅದರಲ್ಲಿ ಸೂರ್ಯನ ಪಾಲೆಷ್ಟು, ಒಂದು ರಬ್ಬರ್ ಬ್ಯಾಂಡಿನ ಪಾಲೆಷ್ಟು ಎಂಬುದನ್ನು ಅಳತೆ ತಪ್ಪದಂತೆ ಹೇಳುತ್ತೇನೆ. ನ್ಯಾಯ ನೀವೇ ಹೇಳಿ.

ಚನ್ನಗಿರಿಯ ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ ಅತ್ತೆಯ ಫೋಟೋ ಸ್ಟುಡಿಯೋ. ಮಾವ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದಾರೆ. ಅರ್ಜಿ ಹಿಡಿದು ಬರುವ ಜನರೆಲ್ಲ ಮೊದಲು ಅತ್ತೆಯ ಸ್ಟೂಲಿನ ಮೇಲೆ ಕೂತು, ಆಮೇಲೆ ಸಾಹೇಬರ ಮುಂದೆ ನಿಲ್ಲುತ್ತಾರೆ. ಉಬ್ರಾಣಿ ಕಡೆಯಿಂದ ಬಂದ ರೈತನೊಬ್ಬ ಕ್ಯಾಮೆರಾ ನೋಡಿ ಸ್ವಲ್ಪ ನಕ್ಕರೂ ಸಾಕು, "ನಗಬ್ಯಾಡ್ರಿ, ಇದು ಪಿಂಚಣಿಗೆ. ನಕ್ರೆ ಅನುಕೂಲಸ್ಥರು ಅಂತ ತಿಳ್ಕಂತಾರೆ" ಎಂದು ಗದರುತ್ತಾರೆ. ಹಿಂದೆ ತೂಗುವ ನೀಲಿ ಪರದೆ ಅವರದೇ ಹಳೆಯ ಸೀರೆ. ಅಂಚು ಒಂದೊಂದು ಫೋಟೋದಲ್ಲಿ ಇಣುಕುತ್ತದೆ. ತಾಲ್ಲೂಕಿನ ಎಷ್ಟು ಗುರುತಿನ ಚೀಟಿಗಳಲ್ಲಿ ಅತ್ತೆಯ ಸೀರೆ ಇದೆಯೋ, ಲೆಕ್ಕ ಇಟ್ಟವರಿಲ್ಲ.

ಇಂಥ ಅತ್ತೆಗೆ ಒಂದು ಹಳೆಯ ಸಿಟ್ಟಿತ್ತು. ಅವರು ಹುಡುಗಿಯಾಗಿದ್ದಾಗ ಹಾಡುಹಗಲೇ ಕತ್ತಲಾದಂಥ ಗ್ರಹಣವೊಂದು ಬಂದಿತ್ತು. ನನ್ನ ತಾತ, ಅಂದರೆ ಅವರಪ್ಪ, ಹೆಣ್ಣುಮಕ್ಕಳನ್ನೆಲ್ಲ ಕೋಣೆಯಲ್ಲಿ ಕೂಡಿಹಾಕಿ ಕಿಟಕಿಗೆ ಕಂಬಳಿ ಕಟ್ಟಿದ್ದರು. ಹೊರಗಡೆ ಕೋಳಿಗಳು ಸಂಜೆಯಾಯಿತೆಂದು ಗೂಡಿಗೆ ಮರಳುವ ಸದ್ದು ಅತ್ತೆಗೆ ಒಳಗಿನಿಂದ ಕೇಳಿಸಿತಂತೆ.

"ಊರ ಕೋಳಿ ಎಲ್ಲಾ ನೋಡಿದ್ವು ಕಣಲೇ. ನಾನು ನೋಡ್ಲಿಲ್ಲ."

ಈ ಮಾತನ್ನು ನಾನು ಕಡಿಮೆಯೆಂದರೆ ಐವತ್ತು ಸಲ ಕೇಳಿದ್ದೇನೆ. ಹೀಗಿರುವಾಗ, ಡಿಸೆಂಬರ್ ಕೊನೆಯಲ್ಲಿ ಬೆಳಗಿನ ಹೊತ್ತು ಗ್ರಹಣವಿದೆ, ನಮ್ಮ ಕಡೆ ಸೂರ್ಯ ಬಹುಪಾಲು ಮುಚ್ಚುತ್ತಾನೆ ಎಂಬ ಸುದ್ದಿ ಬಂತು. ಅತ್ತೆ ಆ ದಿನವೇ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ನಟ್ಟನಡುವಿನ ಜಾಗ ಖಾಲಿ ಮಾಡಿದರು. ಅಲ್ಲಿ ಅದುವರೆಗೆ ಇದ್ದದ್ದು ನನ್ನ ಮದುವೆಯ ಫೋಟೋ. "ಇಷ್ಟು ವರ್ಷ ಇತ್ತಲ್ಲ, ಸಾಕು" ಎಂದರು.

ಕ್ಯಾಮೆರಾ ಇತ್ತು. ಯಾರಿಂದಲೋ ಕೈದಾಟಿ ಬಂದ, ಹಿಂದೆ ಕಣ್ಣಿಟ್ಟು ನೋಡುವ ಕಿಂಡಿಯಿರುವ ಹಳೆಯ ಡಿಜಿಟಲ್ ಕ್ಯಾಮೆರಾ. ಉದ್ದನೆಯ ಲೆನ್ಸೂ ಇತ್ತು. ಇಲ್ಲದ್ದು ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಮಾತ್ರ. ಹಾಗೇ ತೆಗೆದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಕೇಳಬಾರದಿತ್ತು. ಅತ್ತೆ ಲೆನ್ಸನ್ನು ಬಿಚ್ಚಿ ತಂದು, ಅಂಗಳದ ಬಿಸಿಲಿನಲ್ಲಿ ಹಿಡಿದು, ಅದರಿಂದ ಇಳಿದ ಬೆಳಕಿನ ಚುಕ್ಕೆಯನ್ನು ನಾನು ಓದುತ್ತಿದ್ದ ಪತ್ರಿಕೆಯ ಮೇಲೆ ಬಿಟ್ಟರು. ಹತ್ತು ಎಣಿಸುವುದರೊಳಗೆ ಕಾಗದ ಕಂದಾಗಿ ಹೊಗೆ ಎದ್ದಿತು.

"ಕಾಗದಕ್ಕಾದ್ರೆ ಇನ್ನೊಂದು ಕಾಗದ ಐತೆ. ಕಿಂಡಿಗೆ ಕಣ್ಣಿಟ್ಟಿದ್ರೆ? ನಿನ್ನ ಬಲಗಣ್ಣು ಹೋದ್ರೆ ಸರ್ಕಾರ ನಿನ್ನ ಇಟ್ಕಂತೈತಾ?"

ಬಲಗಣ್ಣು ನನ್ನ ಅನ್ನ. ಅಳತೆಯ ಉಪಕರಣಕ್ಕೆ ನಾನು ಇಡುವುದು ಅದನ್ನೇ. ಎಡಗಣ್ಣು ಕೇವಲ ಜೊತೆಗಿದೆ. ಅಂಥದನ್ನು ಉದಾಹರಣೆಗೆ ತೆಗೆದುಕೊಳ್ಳುವ ಅಗತ್ಯವಿತ್ತೇ? ಅವರದೇ ಎರಡು ಕಣ್ಣುಗಳಿರಲಿಲ್ಲವೇ?

ಅಲ್ಲಿಂದ ನನ್ನ ಪರದಾಟ ಶುರುವಾಯಿತು. ಮೊದಲು ಎಕ್ಸ್‌ರೇ. ಯಾರೋ ಹೇಳಿದ್ದರು, ಎಕ್ಸ್‌ರೇ ಹಾಳೆಯಲ್ಲಿ ಗ್ರಹಣ ನೋಡಬಹುದೆಂದು. ಮನೆಯಲ್ಲಿ ನಮ್ಮಪ್ಪನ ಎದೆಯದೊಂದು ಇತ್ತು. ಒಯ್ದು ಕೊಟ್ಟೆ. ಅತ್ತೆ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮಣ್ಣನ ಪಕ್ಕೆಲುಬಿನ ಸಂದಿಯಾಗೆ ಟ್ಯೂಬ್‌ಲೈಟ್ ಕಾಣ್ತೈತೆ. ಟ್ಯೂಬ್‌ಲೈಟ್ ಕಂಡ್ರೆ ಅದು ಫಿಲ್ಟರ್ ಅಲ್ಲ. ಸೂರ್ಯ ಬಿಟ್ಟು ಇನ್ನೇನೂ ಕಾಣಬಾರದು. ಕಣ್ಣಿಗೆ ಕಾಣದ ಬಿಸಿ ಬೇರೆ ಬರ್ತೈತೆ, ಅದು ಇನ್ನೂ ಕೆಟ್ಟದ್ದು."

ತಂಪು ಕನ್ನಡಕಕ್ಕೂ ಇದೇ ತೀರ್ಪಾಯಿತು. ಮಸಿ ಹಿಡಿಸಿದ ಗಾಜಿಗೂ ಆಯಿತು. ಕೊನೆಗೆ ಅತ್ತೆ ಎಲ್ಲೋ ಓದಿ ಒಂದು ಸಂಖ್ಯೆ ಹಿಡಿದರು: ವೆಲ್ಡಿಂಗ್ ಮಾಡುವವರ ಗಾಜು, ಅದರಲ್ಲೂ ಹದಿನಾಲ್ಕನೇ ನಂಬರಿನದು. ಹದಿಮೂರು ಕೂಡ ಬೇಡ. ಚನ್ನಗಿರಿಯಲ್ಲಿ ಹತ್ತು, ಹನ್ನೊಂದರಾಚೆ ಸಿಗಲಿಲ್ಲ. ನನಗೆ ಆ ತಿಂಗಳು ಮೂರು ತಾಲ್ಲೂಕುಗಳಲ್ಲಿ ಅಳತೆ ಕೆಲಸ ಬಿದ್ದಿತ್ತು. ಇದು ಅತ್ತೆಗೆ ಹೇಗೆ ತಿಳಿಯಿತೋ ನನಗೆ ತಿಳಿಯದು.

ಹೊನ್ನಾಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯವನನ್ನು ಕೇಳಿದೆ. ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಹದಿನಾಲ್ಕಾ? ಅಷ್ಟು ಯಾರೂ ಕೇಳಲ್ಲ ಸಾರ್. ಏನ್ ವೆಲ್ಡಿಂಗ್ ಮಾಡ್ತೀರಿ?"

"ವೆಲ್ಡಿಂಗ್ ಅಲ್ಲ. ಸೂರ್ಯನಿಗೆ ಬೇಕು."

"ಯಾಕೆ, ಎಲ್ಲಿ ಬಿಟ್ಕಂಡೈತೆ?"

ಅಂಗಡಿಯಲ್ಲಿದ್ದ ನಾಲ್ವರೂ ನಕ್ಕರು. ಹತ್ತು ವರ್ಷದ ಹಿಂದೆ ಅದೇ ಊರಿನಲ್ಲಿ ನಾನು ಒಂದು ಕೆರೆಯ ಒತ್ತುವರಿ ಬಿಡಿಸಿಕೊಟ್ಟವನು. ಆ ಗೌರವವೆಲ್ಲ ಒಂದು ಗಾಜಿಗೆ ಹೋಯಿತು.

ನ್ಯಾಮತಿಯ ವೆಲ್ಡರ್ ಒಳ್ಳೆಯ ಮನುಷ್ಯ. ಕುಳ್ಳಿರಿಸಿ, ಚಹಾ ತರಿಸಿ, "ಇಷ್ಟೆಲ್ಲಾ ಯಾಕೆ ಸಾರ್? ಪರಾತದಾಗೆ ಸಗಣಿ ನೀರು ಕಲಸಿ ಇಡ್ರಿ. ಅದರಾಗೆ ನೆರಳು ನೋಡ್ರಿ. ನಮ್ಮಜ್ಜಿ ಹಂಗೇ ನೋಡಾಕಿ. ಖರ್ಚಿಲ್ಲ" ಎಂದ. ನಾನು ಇದನ್ನು ಫೋನಿನಲ್ಲಿ ಅತ್ತೆಗೆ ತಿಳಿಸಿದೆ. ಖರ್ಚಿಲ್ಲ ಎಂಬ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದರು:

"ಲೆನ್ಸಿಗೆ ಸಗಣಿ ಬಳಿಯಾಕಾಗ್ತೈತೇನಲೇ?"

ಕಡೆಗೆ ಜಗಳೂರಿನಲ್ಲಿ ಸಿಕ್ಕಿತು. ಊರಾಚೆಯ ಶೆಡ್ಡಿನಲ್ಲಿ, ತಗಡಿನ ಡಬ್ಬಿಯ ತಳದಲ್ಲಿ, ಅಂಗೈಯಷ್ಟು ಅಗಲದ ಗಾಜು, ಮೂಲೆಯಲ್ಲಿ ಸ್ಪಷ್ಟವಾಗಿ ಹದಿನಾಲ್ಕು ಎಂದು ಬರೆದದ್ದು. ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ಚನ್ನಗಿರಿಯವರೆಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅತ್ತೆ ಲೆನ್ಸಿನ ಮುಂದೆ ಹಿಡಿದು ಒಂದು ಫೋಟೋ ತೆಗೆದರು. ಸೂರ್ಯ ಹಸಿರಾಗಿ, ಅಂಚು ಒಡೆದು, ಒಂದರ ಪಕ್ಕ ಒಂದು ಎರಡು ಬಂದ.

"ಕಣ್ಣಿಗೆ ಏನೂ ಅಡ್ಡಿಯಿಲ್ಲ, ಕ್ಯಾಮೆರಾಕ್ಕೆ ಬರಲ್ಲ. ನೋಡು, ಮಿಡಿಗಾಯಿ ಹಂಗೆ ಬಂದಾನೆ. ಇರ್ಲಿ, ಹದಿನೈದು ದಿನದ ಹಿಂದೇನೇ ಹಾಳೆಗೆ ಬರೆದು ಹಾಕೀನಿ. ನಾಳೆ ಬರ್ತೈತೆ."

ಯಾವ ಹಾಳೆ? ಸೂರ್ಯನಿಗೆಂದೇ ತಯಾರಿಸಿದ ಕಪ್ಪು ಫಿಲ್ಟರ್ ಹಾಳೆಯಂತೆ. ಕಣ್ಣಿಗೆ ಅಪಾಯವಿಲ್ಲವೆಂದು ಪರೀಕ್ಷೆ ಮಾಡಿಸಿದ್ದಂತೆ, ಚೌಕಟ್ಟಿಗೆ ಕೂಡಿಸಿದ ಫಿಲ್ಟರಿಗಿಂತ ಎಷ್ಟೋ ಅಗ್ಗವಂತೆ, ಮನೆ ಬಾಗಿಲಿಗೇ ಬರುತ್ತದಂತೆ. ಹಾಗಾದರೆ ನಾನು ಮೂರು ತಾಲ್ಲೂಕು ಸುತ್ತಿದ್ದು ಯಾಕೆ ಎಂದು ಕೇಳಿದೆ.

"ನೀನು ಹೆಂಗೂ ಹೋಗ್ತಿದ್ದೆಲ್ಲ."

ಕೇಳಿಸಿಕೊಂಡಿರಲ್ಲ? ನನ್ನ ಸಿಟ್ಟಿಗೆ ಕಾರಣವಿದೆಯೋ ಇಲ್ಲವೋ?

ಹಾಳೆ ಬಂತು. ಅತ್ತೆ ಅದನ್ನು ಬಲ್ಬಿಗೆ ಹಿಡಿದು, ಸೂಜಿ ಮೊನೆಯಷ್ಟು ತೂತೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಲೆನ್ಸಿಗೆ ಬೇಕಾದಷ್ಟು ದುಂಡಗೆ ಕತ್ತರಿಸಿ, ಉಳಿದದ್ದನ್ನು ರಟ್ಟಿಗೆ ಅಂಟಿಸಿ ಬೀದಿಯ ಮಕ್ಕಳಿಗೆ ಹಂಚಿದರು. ಅಲ್ಲಿಯವರೆಗೆ ಸರಿ. ಇನ್ನು ದುಂಡನೆಯ ತುಂಡನ್ನು ಲೆನ್ಸಿಗೆ ನಿಲ್ಲಿಸಲು ಒಂದು ಬಳೆಯಂಥದ್ದು ಬೇಕು. ಅದಕ್ಕೆ ದಪ್ಪ ಕಾಗದ ಬೇಕು. ಅತ್ತೆ ಒಳಗಿನಿಂದ ತಂದದ್ದು ನನ್ನ ಮದುವೆಯ ಲಗ್ನಪತ್ರಿಕೆ. ಮಿಕ್ಕಿದ್ದನ್ನು ಇಷ್ಟು ವರ್ಷ ಇಟ್ಟಿದ್ದರು. ಅದನ್ನು ಸುರುಳಿ ಮಾಡಿ, ಫಿಲ್ಟರ್ ಅಂಟಿಸಿ, ಲೆನ್ಸಿಗೆ ತೊಡಿಸಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದರು. ಆ ರಬ್ಬರ್ ಬ್ಯಾಂಡ್ ಹಿಂದಿನ ದಿನ ನಾನೇ ತಂದ ಮಂಡಕ್ಕಿ ಪೊಟ್ಟಣದ್ದು.

"ಟೇಪ್ ಸುತ್ತಿ ಅತ್ತೆ. ಗಾಳಿ ಬರುತ್ತೆ."

"ಟೇಪ್ ಯಾಕೆ ದಂಡ? ಇದೇ ಬಿಗಿ ಐತೆ."

ಈ ಮಾತನ್ನು ದಯವಿಟ್ಟು ನೆನಪಿಡಿ. ನಾನು ಹೇಳಿದ್ದೆ.

ಗ್ರಹಣದ ಬೆಳಿಗ್ಗೆ ನಾನು ರಜೆ ಹಾಕಿದ್ದೆ. ಸ್ಟುಡಿಯೋದ ಹಿಂದಿನ ಅಂಗಳದಲ್ಲಿ, ಬೇವಿನ ಮರದ ನೆರಳು ಬಿಟ್ಟು, ಅತ್ತೆ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ನೋಡುವುದಿದ್ದರೆ ಹಿಂದಿನ ಪರದೆಯಲ್ಲಿ ಮಾತ್ರ ನೋಡಬೇಕು, ಕಿಂಡಿಯ ತಂಟೆಗೆ ಹೋಗಕೂಡದು ಎಂದು ಅಪ್ಪಣೆಯಾಯಿತು. ಸೂರ್ಯ ಒಂದು ಮಗ್ಗುಲಿನಿಂದ ಸವೆಯುತ್ತಾ ಬಂದ. ಬಿಸಿಲು ಬಿಸಿಲಾಗಿಯೇ ಇದ್ದರೂ ಬಡವಾಗಿತ್ತು. ಕಾಂಪೌಂಡ್ ಗೋಡೆಯಾಚೆ ಏಳೆಂಟು ಜನ ಸೇರಿದ್ದರು. ಇನ್ನೇನು ಮೂರ್ನಾಲ್ಕು ನಿಮಿಷಕ್ಕೆ ಅತಿ ಹೆಚ್ಚು ಮುಚ್ಚುವ ಹೊತ್ತು. ಅದನ್ನೇ ತೆಗೆಯಬೇಕೆಂದು ಅತ್ತೆ ಬ್ಯಾಟರಿ ಉಳಿಸಲು ಪರದೆಯನ್ನು ಆರಿಸಿದರು. "ಕಾಯ್ತಿರು, ಏನೂ ಮುಟ್ಟಬ್ಯಾಡ" ಎಂದು ನನಗೆ ಹೇಳಿ, ಹದಿನಾಲ್ಕನೇ ನಂಬರಿನ ಗಾಜನ್ನು ಗೋಡೆಯ ಮೇಲಿಂದ ಜನರಿಗೆ ಕೊಡಲು ಹೋದರು.

ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದು ಬಹಳ ಬೇಗ ನಡೆಯಿತು. ಒಂದು ಬೀಸು ಗಾಳಿ ಬಂತು. ನಾನು ಕ್ಯಾಮೆರಾದ ಹಿಂದಿದ್ದೆ. ಮುಂದೇನಾಯಿತೆಂದು ನನಗೆ ಕಾಣಲಿಲ್ಲ. ನನ್ನ ಎದುರು ಮೂರು ಕಾಲಿನ ಸ್ಟ್ಯಾಂಡ್, ಅದರ ಮೇಲೆ ಉಪಕರಣ, ಅದರ ಹಿಂದೆ ಒಂದು ಕಿಂಡಿ. ಇಪ್ಪತ್ತಾರು ವರ್ಷಗಳಿಂದ ಇವು ಮೂರು ಒಟ್ಟಿಗೆ ಕಂಡಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಬಗ್ಗಿದೆ. ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಕಿಂಡಿಯ ಸುತ್ತಲಿನ ರಬ್ಬರ್ ನನ್ನ ಬಲಹುಬ್ಬಿಗೆ ತಣ್ಣಗೆ ತಾಗಿದ್ದು ನೆನಪಿದೆ. ಬೆಳಕು ಕಂಡದ್ದು ನೆನಪಿಲ್ಲ. ಬಲಗೆನ್ನೆಯ ಮೇಲೆ ಏಟು ಬಿತ್ತು. ನಾನು ಎಡಕ್ಕೆ ಮೂರು ಹೆಜ್ಜೆ ಮುಗ್ಗರಿಸಿ ಬೇವಿನ ಮರಕ್ಕೆ ಒರಗಿ ನಿಂತೆ.

"ಕಿಂಡಿ ಕಂಡಲ್ಲೆಲ್ಲಾ ಕಣ್ಣಿಡ್ತೀಯೇನಲೇ?"

"ನನ್ನ ಕೆಲಸವೇ ಅದು ಅತ್ತೆ."

ಗೋಡೆಯಾಚೆಯಿಂದ ಕಿರಾಣಿ ಅಂಗಡಿಯವರು, "ಇನ್ನೊಂದು ಹಾಕ್ರಿ ಅಕ್ಕಾರೆ, ಈ ಕಡೆಯಿಂದ ಸರಿಯಾಗಿ ಕಾಣ್ಲಿಲ್ಲ" ಎಂದರು. ಆ ಮನುಷ್ಯನ ಅಂಗಡಿಗೆ ನಾನು ಇಂದಿಗೂ ಹೋಗುವುದಿಲ್ಲ.

ಆಗ ನೋಡಿದೆ. ಲೆನ್ಸಿನ ಮುಂದೆ ಏನೂ ಇರಲಿಲ್ಲ. ಕಾಗದದ ಬಳೆ ನೆಲದ ಮೇಲೆ ಬಿದ್ದಿತ್ತು. ಅದರ ಮೇಲೆ "ತಮ್ಮ ಆಗಮನಾಭಿಲಾಷಿಗಳು" ಎಂಬ ಅಕ್ಷರಗಳೂ, ಅವುಗಳ ಮೇಲೆ ಅಡ್ಡಲಾಗಿ ಅತ್ತೆಯ ಚಪ್ಪಲಿಯ ಗುರುತೂ ಇದ್ದವು. ಗೋಡೆಯಿಂದ ನನ್ನ ಕಡೆಗೆ ಬರುವ ದಾರಿಯಲ್ಲೇ ಅದು ಬಿದ್ದಿತ್ತು. ಅವರು ಮೊದಲು ಕ್ಯಾಮೆರಾವನ್ನು ಸೂರ್ಯನಿಂದ ತಿರುಗಿಸಿದರು. ಆಮೇಲೆ ಫಿಲ್ಟರನ್ನು ಎತ್ತಿ, ವರಾಂಡದ ಬಲ್ಬಿಗೆ ಹಿಡಿದರು. ನಡುವೆ ಒಂದು ಗೆರೆಯಷ್ಟು ಬೆಳಕು ಕಂಡಿತು.

"ಹರಿದೈತೆ" ಎಂದರು. ಮತ್ತೆ ಅದನ್ನು ಲೆನ್ಸಿಗೆ ಹಾಕಲಿಲ್ಲ. ಆಕಾಶದ ಕಡೆಗೂ ನೋಡಲಿಲ್ಲ. ಗಡಿಯಾರ ನೋಡಿದರು. ಆ ಹೊತ್ತು ಬಂದು ಹೋಗುತ್ತಿತ್ತು. ಗಾಜಿನ ಕಪಾಟಿನ ಖಾಲಿ ಜಾಗ ನನಗೆ ನೆನಪಾಯಿತು.

ಆದರೆ ಇಷ್ಟಕ್ಕೇ ಬಿಡಬೇಕಲ್ಲ? ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿ ಕೈಗೆತ್ತಿಕೊಂಡು, "ಅಲ್ಲೇ ನಿಂತ್ಕ. ನನ್ನ ಕಡೆ ನೋಡು. ಕಣ್ಣು ಮಿಟುಕಿಸಬ್ಯಾಡ" ಎಂದು, ಮರದ ಕೆಳಗೆ ಕೆನ್ನೆ ಹಿಡಿದುಕೊಂಡು ನಿಂತಿದ್ದ ನನ್ನ ಫೋಟೋ ತೆಗೆದರು. ಒಂದಲ್ಲ, ಮೂರು. ಹೊಡೆದದ್ದೂ ಅಲ್ಲದೆ ದಾಖಲೆ ಬೇರೆ! ತೆಗೆದದ್ದನ್ನು ಪರದೆಯಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ನಾನು ಚಪ್ಪಲಿ ಮೆಟ್ಟಿ ಮನೆಗೆ ಬಂದೆ.

ಆ ವಾರವೆಲ್ಲ ಬೆಳಿಗ್ಗೆ ಆರಕ್ಕೆ ಫೋನು.

"ಎಡಗಣ್ಣು ಮುಚ್ಚು. ಕ್ಯಾಲೆಂಡರ್ ಓದು."

"ಮಂಗಳವಾರ, ಪಂಚಮಿ."

"ಕೆಳಗಿಂದು, ಸಣ್ಣ ಅಕ್ಷರ."

ರಾಹುಕಾಲ, ಗುಳಿಕಕಾಲ ಎಲ್ಲ ಓದಿಸಿ, "ನಡುವೆ ಕಪ್ಪುಗಿಪ್ಪು ಕಾಣ್ತೈತಾ?" ಎಂದು ಕೇಳಿ, ಇಲ್ಲವೆಂದ ಮೇಲೆ ಫೋನ್ ಇಡುತ್ತಿದ್ದರು. ಕ್ಷಮೆ ಎಂಬ ಶಬ್ದ ಬರಲಿಲ್ಲ. ಎಂಟನೆಯ ದಿನ ನಾನು ಜಗಳ ಆಡಲೆಂದೇ ಸ್ಟುಡಿಯೋಗೆ ಹೋದೆ. ಅತ್ತೆ ಊಟಕ್ಕೆ ಹೋಗಿದ್ದರು. ಹಿಂದಿನ ಅಂಗಳಕ್ಕೆ ಹೋಗಿ ಟೇಪು ಹಿಡಿದು ಅಳೆದೆ, ಏಕೆಂದರೆ ಜಗಳಕ್ಕೂ ಅಳತೆ ಬೇಕು. ಗೋಡೆಯಿಂದ ಸ್ಟ್ಯಾಂಡ್ ನಿಂತಿದ್ದ ಗುರುತಿನವರೆಗೆ ಹದಿನೇಳು ಅಡಿ ನಾಲ್ಕು ಅಂಗುಲ. ಅತ್ತೆಗೆ ಎರಡೂ ಮಂಡಿ ನೋವು. ಸ್ಟುಡಿಯೋದ ಮೂರು ಮೆಟ್ಟಿಲನ್ನು ಗೋಡೆ ಹಿಡಿದು, ಒಂದೊಂದರ ಮೇಲೂ ಎರಡು ಕಾಲಿಟ್ಟು ಹತ್ತುತ್ತಾರೆ. ನಾನು ಬಗ್ಗಲು ತೆಗೆದುಕೊಂಡ ಹೊತ್ತಿನಲ್ಲಿ ಅವರು ಹದಿನೇಳು ಅಡಿ ನಾಲ್ಕು ಅಂಗುಲ ಬಂದಿದ್ದರು. ಎರಡು ಸಲ ಅಳೆದೆ. ಅಷ್ಟೇ ಬಂತು.

ಒಳಗೆ ಬಂದಾಗ ಕಪಾಟಿನ ನಟ್ಟನಡುವೆ ನನ್ನ ಫೋಟೋ ಇತ್ತು. ಬಾಯಿ ತೆರೆದು, ಕೆನ್ನೆಗೆ ಕೈಯಿಟ್ಟು, ಊರಿನ ಮೇಲೆಲ್ಲ ಸಿಟ್ಟು ಬಂದವನ ಹಾಗೆ ನಿಂತಿದ್ದೇನೆ. ಕಿತ್ತು ತೆಗೆಯಲೆಂದು ಹತ್ತಿರ ಹೋದೆ. ಅಂಗಿಯ ಮೇಲೆ, ಕುತ್ತಿಗೆಯ ಮೇಲೆ, ಹಣೆಯ ಮೇಲೆ ಏನೋ ಚೆಲ್ಲಿದಂತಿತ್ತು. ಬೇವಿನ ಎಲೆಗಳ ಸಂದಿಯಿಂದ ಇಳಿದ ಬಿಸಿಲು. ಒಂದೊಂದು ಚುಕ್ಕೆಯೂ ಬಿದಿಗೆಯ ಚಂದ್ರನ ಹಾಗೆ ಬಾಗಿದೆ. ನೂರಾರು ಸಣ್ಣ ಸೂರ್ಯರು, ಎಲ್ಲರಿಗೂ ಗ್ರಹಣ. ಫಿಲ್ಟರ್ ಲೆನ್ಸಿನ ಮೇಲೆ ಇದ್ದಿದ್ದರೆ ಇದರಲ್ಲಿ ಏನೂ ಮೂಡುತ್ತಿರಲಿಲ್ಲ.

ಇದಕ್ಕಾಗಿಯೇ ನನ್ನನ್ನು ಅಲ್ಲಿ ನಿಲ್ಲಿಸಿದ್ದರೆಂದು ಮೊದಲು ಅಂದುಕೊಂಡೆ. ಆಮೇಲೆ, ಕೆಲಸದ ಅಭ್ಯಾಸದಿಂದ, ಫೋಕಸ್ ಎಲ್ಲಿದೆ ಎಂದು ಹುಡುಕಿದೆ. ಸೂರ್ಯರೆಲ್ಲ ತುಸು ಮಸುಕಾಗಿದ್ದಾರೆ. ಅಂಗಿ ಮಸುಕು. ಕೆನ್ನೆಯ ಮೇಲಿನ ಕೈಯೂ ಮಸುಕು. ಇಡೀ ಫೋಟೋದಲ್ಲಿ ರೆಪ್ಪೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿರುವುದು ನನ್ನ ಬಲಗಣ್ಣು ಮಾತ್ರ.