ಹೊನ್ನಯ್ಯನ ಪುಕ್ಕಟೆ ಸಾಫ್ಟ್‌ವೇರು

ಬೆಳಿಗ್ಗೆ ಒಂಬತ್ತೂವರೆಗೆ ಹೊನ್ನಯ್ಯ ಕಂಪ್ಯೂಟರ್ ಹಾಕಿದಾಗ ಪರದೆಯ ಮೇಲೆ ಕೆಂಪು ಪಟ್ಟಿಯೊಂದು ಕಾಣಿಸಿತು. ಈ ಸಾಫ್ಟ್‌ವೇರಿನ ಅವಧಿ ಮುಗಿದಿದೆ, ಹೊಸದನ್ನು ಕೊಳ್ಳಿ, ಅಲ್ಲಿಯವರೆಗೆ ಹಳೆಯದನ್ನು ನೋಡಬಹುದು, ತಿದ್ದುವಂತಿಲ್ಲ ಎಂದು ಅದರ ತಾತ್ಪರ್ಯ.

ಮಾಗಡಿಯ ಬೆಳ್ಳಿಗೂಡು ರೇಷ್ಮೆ ಬೆಳೆಗಾರರ ಸಂಘದಲ್ಲಿ ಹೊನ್ನಯ್ಯ ಒಂಬತ್ತು ವರ್ಷಗಳಿಂದ ಹಂಗಾಮಿ ಗುಮಾಸ್ತ. ಅವನನ್ನು ಕಾಯಂ ಮಾಡುವ ಫೈಲು ಅಂದೇ ಸಂಜೆ ನಾಲ್ಕಕ್ಕೆ ಕಮಿಟಿಯ ಮುಂದೆ ಬರುವುದಿತ್ತು. ಆ ವರ್ಷ ಗೂಡಿನ ರೇಟು ಏರಿದ್ದೇ ಏರಿದ್ದು. ರಾಗಿ ಹೊಲದವರೂ ಹಿಪ್ಪುನೇರಳೆ ನಾಟಿ, ಚಾಕಿ ಹುಳ ಕೊಡಿ ಎಂದು ಸಂಘದ ಬಾಗಿಲು ಕಾಯುತ್ತಿದ್ದರು. ಮೊಟ್ಟೆ ಒಡೆಸಿ, ಎಳೆ ಹುಳವನ್ನು ಎರಡು ಜ್ವರದವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಹಂಚುವುದು ಸಂಘದ ಕೆಲಸ. ಯಾರಿಗೆ ಯಾವ ದಿನ ಎಂಬ ಪಟ್ಟಿ ತಯಾರಿಸುವುದು ಹೊನ್ನಯ್ಯನ ಕೆಲಸ.

ಅವನು ಅಧ್ಯಕ್ಷ ಬೈರಪ್ಪನವರಿಗೆ ಫೋನ್ ಮಾಡಿದ.

"ಹೊಸಾದು ತಗೊಂಡ್ಬುಡಾನ ಕಣಯ್ಯ. ದೊಡ್ಡ ಆಫೀಸ್ನೋರೆಲ್ಲ ಅದ್ನೇ ಇಟ್ಕೊಂಡವ್ರೆ. ಮೀಟಿಂಗಿಗೆ ಹಂಗೇ ಒಂದು ಟಿಪ್ಪಣಿ ಬರ್ದಿಡು."

ಫೋನಿಟ್ಟ ಐದು ನಿಮಿಷಕ್ಕೆ, ನೂಲು ಬಿಚ್ಚುವ ಫಿಲೇಚರ್ ಇಟ್ಟುಕೊಂಡಿದ್ದ ನಿರ್ದೇಶಕ ತಾಜ್ ಪಾಷಾ ಖುದ್ದಾಗಿ ಬಂದರು. "ಅರೆ ಹೊನ್ನಯ್ಯ, ಇಂಟರ್ನೆಟ್ನಾಗೆ ಪುಕ್ಕಟೆ ಸಿಗ್ತೈತೆ. ದುಡ್ಡು ಯಾಕೆ ಸುರೀಬೇಕು? ಪುಕ್ಕಟೇದೇ ಸಾಕು ಅಂತ ಬರಿ. ನಿನ್ನ ಫೈಲ್ಗೆ ನಾನು ಇದೀನಿ."

ಅಧ್ಯಕ್ಷರು ಫೈಲಿನ ಮಾತೆತ್ತಿರಲಿಲ್ಲ. ಸಂಘಕ್ಕೆ ಉಳಿತಾಯ ಮಾಡಿಕೊಟ್ಟವನನ್ನು ಕೈಬಿಡುತ್ತಾರೆಯೇ ಎಂದುಕೊಂಡ ಹೊನ್ನಯ್ಯ ಪುಕ್ಕಟೆಯ ಪಕ್ಷ ಸೇರಿದ.

ತನ್ನ ಮೊಬೈಲಿನ ನೆಟ್ಟು ಹಾಕಿ ಸಾಫ್ಟ್‌ವೇರ್ ಇಳಿಸಿದ. ಪಟ್ಟಿ ತೆರೆದರೆ ಹೆಸರುಗಳೆಲ್ಲ ಉದುರಿದ ಶಾವಿಗೆಯಂತೆ ಬಿದ್ದಿದ್ದವು. ಕಸ ಗುಡಿಸಿ ನೀರು ತುಂಬುವ ಮುನಿರತ್ನಮ್ಮ ಪೊರಕೆ ಹಿಡಿದು ಹಿಂದೆಯೇ ನಿಂತಿದ್ದಳು.

"ಅಣ್ಣ, ಅಕ್ಸರದ ಹೆಸ್ರು ಬದ್ಲಾಯ್ಸಿ ನೋಡಿ. ನನ್ ಮಗಳ ಫೋನಲ್ಲೂ ಹಿಂಗೇ ಆಗಿತ್ತು."

"ನಿಂಗ್ ಗೊತ್ತಾಗಾಕಿಲ್ಲ, ಸುಮ್ಕಿರಮ್ಮ," ಎಂದ ಹೊನ್ನಯ್ಯ. ಅವಳು ಬಕೆಟ್ ತರಲು ಹೋದಾಗ ಫಾಂಟ್ ಬದಲಾಯಿಸಿದ. ಅಕ್ಷರಗಳು ಸಾಲಾಗಿ ನಿಂತವು. ಪಟ್ಟಿ ಅಚ್ಚಾಗಿ ಗೋಡೆ ಸೇರಿತು.

ಹನ್ನೊಂದಕ್ಕೆ ಗುಡೇಮಾರನಹಳ್ಳಿಯ ದಾಸಮ್ಮ ಹುಳ ಒಯ್ಯಲು ತಟ್ಟೆ, ಒದ್ದೆ ಬಟ್ಟೆಗಳ ಸಮೇತ ಆಟೋದಿಂದ ಇಳಿದಳು. ಪಟ್ಟಿ ಓದಿಸಿಕೊಂಡಳು. ಆಮೇಲೆ ಅವಳ ದನಿ ಬಸ್ ಸ್ಟ್ಯಾಂಡಿಗೂ ಕೇಳಿಸಿತು.

"ಇವತ್ತು ಜುಲೈ ಎಂಟು. ನಂಗೆ ಆಗಸ್ಟ್ ಏಳು ಅಂತ ಬರ್ದವ್ನಲ್ಲ! ಸೊಪ್ಪು ಬಲ್ತೋದ್ರೆ ಒಂದು ತಿಂಗ್ಳು ನೀನ್ ಬಂದು ಮೇಯ್ತೀಯಾ?"

ಅವಳ ಬೆನ್ನಿಗೆ ಇನ್ನೂ ಹದಿನಾಲ್ಕು ಜನ. ಪಟ್ಟಿಯ ಪ್ರಕಾರ ಒಬ್ಬನಿಗೆ ಫೆಬ್ರವರಿಯಲ್ಲೇ ಹುಳ ಕೊಟ್ಟಾಗಿತ್ತು. ಒಬ್ಬರು ಮಂತ್ರಿಗೆ ದೂರು ಕೊಡಿ ಎಂದರು, ಇನ್ನೊಬ್ಬರು ಕಂಪ್ಯೂಟರಿಗೆ ನಿಂಬೆಹಣ್ಣು ನಿವಾಳಿಸಿ ಎಂದರು. ಹೊನ್ನಯ್ಯನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಅಣ್ಣ," ಮುನಿರತ್ನಮ್ಮ ಮೆಲ್ಲಗೆ ಅಂದಳು, "ದಿನದ ಜಾಗಕ್ಕೆ ತಿಂಗ್ಳು ಬಂದ್ಬುಟ್ಟೈತೆ, ತಿಂಗ್ಳ ಜಾಗಕ್ಕೆ ದಿನ ಹೋಗೈತೆ. ಒಸಿ ನೋಡಿ."

ಈ ಸಲ ಹೊನ್ನಯ್ಯ ಅವಳೆದುರೇ ತಿದ್ದಿ ಮತ್ತೆ ಅಚ್ಚು ತೆಗೆದ. ದಾಸಮ್ಮ ಹುಳದ ತಟ್ಟೆಯನ್ನು ಕೂಸಿನಂತೆ ಹೊತ್ತು, ಹೊರಡುವ ಮುಂಚೆ ಇನ್ನೊಂದು ಸುತ್ತು ಬೈದು ಹೋದಳು. ಗಲಾಟೆ ಮತ್ತೆ ಆಗಬಾರದೆಂದು ಅವನು ಊಟ ಬಿಟ್ಟು ಎಲ್ಲವನ್ನೂ ಹೊಂದಿಸಿದ. ಎರಡು ಕಡೆ ಒತ್ತಿದರೆ ಪಟ್ಟಿ ತಾನಾಗಿ ತಯಾರಾಗಬೇಕು, ಹಾಗೆ.

ನಾಲ್ಕಕ್ಕೆ ಕಮಿಟಿ ಸೇರಿತು. ಬೆಳಗಿನ ರಂಪ ಬೈರಪ್ಪನವರ ಕಿವಿಗೆ ಬಿದ್ದಿತ್ತು.

"ಪುಕ್ಕಟೇದು ನಮ್ಮಂತೋರಿಗೆ ತಿಳಿಯಾಕಿಲ್ಲ ಕಣಯ್ಯ. ಕಷ್ಟ."

"ಕಷ್ಟ ಏನಿಲ್ಲ ಸಾ!" ಹೊನ್ನಯ್ಯನ ದನಿ ಏರಿತು. "ನಮ್ ಮುನಿರತ್ನಮ್ಮನೂ ಮಾಡ್ತಾಳೆ. ಬೇಕಾರೆ ಕರೀರಿ!"

ಅವಳನ್ನು ಕರೆದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಳು. ಹೊನ್ನಯ್ಯ ಬೆರಳು ತೋರಿಸಿದ ಎರಡು ಕಡೆ ಒತ್ತಿದಳು. ಪ್ರಿಂಟರ್ ನರಳಿ ಪಟ್ಟಿಯನ್ನು ಹೊರಹಾಕಿತು, ಒಂದು ತಪ್ಪಿಲ್ಲ. ತಾಜ್ ಪಾಷಾ ಚಪ್ಪಾಳೆ ತಟ್ಟಿದರು. ಹೊನ್ನಯ್ಯ ಕುಸ್ತಿ ಗೆದ್ದವನಂತೆ ಎದೆಯುಬ್ಬಿಸಿ ನಿಂತ.

ಬೈರಪ್ಪನವರು ಕನ್ನಡಕ ತೆಗೆದು ಪಟ್ಟಿಯನ್ನೂ ಹೊನ್ನಯ್ಯನನ್ನೂ ನೋಡಿದರು.

"ಅಲ್ಲಯ್ಯ, ಒಂಬತ್ತು ವರ್ಷದಿಂದ ನೀನು ಮಾಡ್ತಿದ್ದದ್ದು ಇದ್ನೇನಾ?"

ಯಾರೂ ನಗಲಿಲ್ಲ. ನಕ್ಕಿದ್ದರಾದರೂ ಹೊನ್ನಯ್ಯನಿಗೆ ಸಮಾಧಾನವಾಗುತ್ತಿತ್ತು. ಮುಂದಿನದು ಹತ್ತು ನಿಮಿಷದಲ್ಲಿ ಮುಗಿಯಿತು. ಕಂಪ್ಯೂಟರ್ ಸೀಟು ಮುನಿರತ್ನಮ್ಮನಿಗೆ. ಚಾಕಿ ಮನೆಯಲ್ಲಿ ಸೊಪ್ಪು ಹೆಚ್ಚಲು ಜನ ಸಾಲದಿದ್ದುದರಿಂದ ಹೊನ್ನಯ್ಯ ಅಲ್ಲಿಗೆ. ಕಾಯಂ ಆಗಬೇಕಿದ್ದುದು ಕಂಪ್ಯೂಟರ್ ಗುಮಾಸ್ತನ ಹುದ್ದೆಯಾದ್ದರಿಂದ ಆ ಫೈಲೂ ಸೀಟಿನ ಜೊತೆಗೇ ಹೋಯಿತು.

ಅವನು ತಾಜ್ ಪಾಷಾರ ಕಡೆ ನೋಡಿದ. ಅವರು ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಿದ್ದರು.

"ಮತ್ತೆ ಸಾಫ್ಟ್‌ವೇರು?" ಯಾರೋ ಕೇಳಿದರು.

"ದುಡ್ಡಿಂದೇ ತಗೊಳಾನ," ಎಂದರು ಬೈರಪ್ಪ. "ಹೆಣ್ಮಗಳು, ಹೊಸ್ದಾಗಿ ಕೂತವ್ಳೆ. ತೊಂದ್ರೆ ಆಗಬಾರ್ದು."

"ಸಹಿ ಬಾತ್, ಸರಿಯಾದ ಮಾತು," ಎಂದರು ತಾಜ್ ಪಾಷಾ.

ಆರು ಗಂಟೆಗೆ ಮುನಿರತ್ನಮ್ಮ ತನ್ನ ಮೊದಲ ಪತ್ರ ಟೈಪ್ ಮಾಡಿ ತಂದಳು. ಅದು ಹೊನ್ನಯ್ಯನ ವರ್ಗಾವಣೆಯ ಆದೇಶ. ಅವಳ ಕಣ್ಣು ಒದ್ದೆಯಾಗಿತ್ತು. "ನಾನ್ ಕೇಳ್ಲಿಲ್ಲ ಅಣ್ಣ, ದೇವ್ರಾಣೆ."

ಅವನು ಓದಿದ. ಕೆಳಗೆ ಸಹಿ ಹಾಕಲು ಹೋದವನ ಕೈ ನಿಂತಿತು.

"ನನ್ ಹೆಸ್ರು ತಪ್ಪೈತಲ್ಲಮ್ಮ. ಹೊನಯ್ಯ ಅಂತ ಬಂದೈತೆ. ನಕಾರಕ್ಕೆ ಒತ್ತು ಬೇಕು."

"ಅದ್ಕೆ ಯಾವ್ದು ಒತ್ಬೇಕಣ್ಣ?"

ಹೊನ್ನಯ್ಯ ಬಗ್ಗಿ ಆ ಕೀಲಿಯನ್ನು ತೋರಿಸಿಕೊಟ್ಟ. ಎರಡನೆಯ ಪ್ರತಿಯಲ್ಲಿ ಒಂದೂ ತಪ್ಪಿರಲಿಲ್ಲ.