ಮಾಮಾ ಬಿಡದೆ ಓದುವ ಪುಟಗಳು

ಬೈಬಲ್ ಓದಿ ಕಣ್ಣೀರು ಹಾಕಿದವರನ್ನು ನೀವು ನೋಡಿರಬಹುದು. ಎದ್ದು ಹಾಡಿದವರನ್ನೂ ನೋಡಿರಬಹುದು. ಆದರೆ ಅದರಲ್ಲಿ ಬರೀ ಹೆಸರುಗಳೇ ತುಂಬಿದ ಅಧ್ಯಾಯಗಳಿವೆಯಲ್ಲ, ಇಂಥವನು ಇಂಥವನನ್ನು ಪಡೆದ, ಅವನು ಇನ್ನೊಬ್ಬನನ್ನು ಪಡೆದ ಅಂತ, ಅವನ್ನು ಓದಿ ಮೈಮೇಲೆ ಮುಳ್ಳೆದ್ದವರನ್ನು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಆತ ನಮ್ಮ ತಾಯಿಯ ಖಾಸಾ ಅಣ್ಣ, ನನಗೆ ಮಾಮಾ. ಇಡೀ ಕ್ರೈಸ್ತ ಲೋಕ ಬೆರಳಿಗೆ ಉಗುಳು ಹಚ್ಚಿ ಸರಕ್ಕನೆ ದಾಟಿಸುವ ಪುಟಗಳನ್ನು ಈ ಮನುಷ್ಯ ಒಬ್ಬನೇ ಕೂತು ಎಲ್ಲರ ಪಾಲಿನದೂ ಓದುತ್ತಿದ್ದಾನೆ!

ತಪ್ಪು ಪೂರ್ತಿ ಆತನದೂ ಅಲ್ಲ. ಮಾಮಾ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಿ ಕೂಗಿ ರಿಟೈರ್ ಆದವನು. ಮೈಕು ಅಲ್ಲೇ ಉಳಿಯಿತು, ಆವಾಜು ಮಾತ್ರ ಆತನ ಜೊತೆ ಮನೆಗೆ ಬಂತು. ಒಂದು ಭಾನುವಾರ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಪ್ರಾರ್ಥನೆ ಇತ್ತು. ಮಾಮಾ ಮತ್ತಾಯನ ಮೊದಲ ಅಧ್ಯಾಯ ತೆಗೆದು ಶುರು ಮಾಡಿದ: "ಹೆಚ್ರೋನ... ಅರಾಮ... ಅಮ್ಮೀನಾದಾಬ..." ಗೋಡೆಗೆ ಒರಗಿ ತೂಕಡಿಸುತ್ತಿದ್ದ ಅಪ್ಪನ ಗೆಳೆಯನೊಬ್ಬ ಧಡಕ್ಕನೆ ಎದ್ದು ಚೀಲ ಹೆಗಲಿಗೇರಿಸಿ ಕೇಳಿದ: "ಹುಮನಾಬಾದ್ ಬಂತೇನ್ರಿ?"

ಮಾಮಾ ತಲೆ ಎತ್ತಲಿಲ್ಲ. "ಇಲ್ರಿ, ಇನ್ನಾ ದಾವೀದನ ಸ್ಟಾಪೇ ಬಂದಿಲ್ಲ. ಕುಂದರ್ರಿ" ಅಂದ.

ಇಂಥವನನ್ನು ಮದುವೆಯಲ್ಲಿ ಎರಡು ಮಾತು ಆಡಿ ಎಂದು ಯಾರಾದರೂ ಕರೆಯುತ್ತಾರಾ? ಘಾಟಬೋರಾಳದ ನಮ್ಮ ಬೀಗರು ಕರೆದರು! "ಮಕ್ಕಳಿಗೆ ಜರಾ ಧೈರ್ಯ, ಹಿಮ್ಮತ್ ಬರೋಹಂಗ ಬೈಬಲಿನ ಒಂದು ವಾಕ್ಯ ಹೇಳ್ರಿ" ಅಂದರು. ಮಾಮಾ ಕೋಟು ಸರಿ ಮಾಡಿಕೊಂಡು ಆದಿಕಾಂಡದ ಐದನೇ ಅಧ್ಯಾಯ ಬಿಚ್ಚಿದ. ಆದಾಮ ಇಷ್ಟು ವರ್ಷ ಬದುಕಿದ, ಸತ್ತ. ಸೇತ ಇಷ್ಟು ವರ್ಷ ಬದುಕಿದ, ಸತ್ತ. ಎನೋಷ, ಅವನೂ ಸತ್ತ. ಪೆಂಡಾಲಿನಲ್ಲಿ ಬಿರ್ಯಾನಿ ಆರುತ್ತಿದೆ, ಮದುಮಗನ ಮುಖ ಬಾಡುತ್ತಿದೆ, ಸಾಯುವವರು ಸಾಯುತ್ತಲೇ ಇದ್ದಾರೆ. ಕೊನೆಗೆ ಮದುಮಗಳ ಅಜ್ಜಿ ತಡೆಯಲಾರದೆ ಕೇಳಿಯೇಬಿಟ್ಟಳು: "ಈ ಮುದುಕ ಮದುವಿಗೆ ಬಂದಾನೋ, ಮಣ್ಣಿಗೆ ಬಂದಾನೋ?"

ಊಟ ಮಾಡುವಾಗ ನಾನು ಮಾಮಾನನ್ನು ತರಾಟೆಗೆ ತೆಗೆದುಕೊಂಡೆ. ಆತ ಎಲುಬು ಚೀಪುತ್ತ ಬೇಜಾರಿನಿಂದ ಅಂದ: "ಗಂಡು ಹೆಣ್ಣು ಮಕ್ಕಳ್ನ ಹಡೆದ್ರು ಅಂತನೂ ಅಷ್ಟೇ ಸಲ ಓದೇನಲ್ಲೋ. ಮಂದಿಗೆ ಬರೇ ಸತ್ತದ್ದೇ ಕೇಳಸ್ತದ. ಅದಕ್ಕ ನಾ ಏನ್ ಮಾಡ್ಲಿ?"

ಆಮೇಲೆ ಚರ್ಚಿನ ಕಂಪೌಂಡ್ ಗೋಡೆಯ ಪ್ರಸಂಗ. ಮಳೆಗೆ ಬಿದ್ದ ಗೋಡೆಯನ್ನು ಶ್ರಮದಾನದಿಂದ ಕಟ್ಟುವುದೆಂದು ಸಭೆ ತೀರ್ಮಾನಿಸಿತು. ಶ್ರಮದಾನ ಅಂದರೆ ನಿಮಗೆ ಗೊತ್ತಲ್ಲ? ನಾಲ್ಕು ಜನ ಕಲ್ಲು ಹೊರುತ್ತಾರೆ, ಹದಿನಾಲ್ಕು ಜನ ಕುರ್ಚಿ ಹಾಕಿಕೊಂಡು ಕಲ್ಲು ಹೇಗೆ ಹೊರಬೇಕೆಂದು ಹೇಳುತ್ತಾರೆ. ಪಾಸ್ಟರು, ಪಾಪ, ಮೊದಲು ಒಂದು ವಾಕ್ಯ ಓದಿ ಎಂದು ಮಾಮಾನಿಗೇ ಹೇಳಿದರು. ಮಾಮಾ ನೆಹೆಮೀಯನ ಮೂರನೇ ಅಧ್ಯಾಯ ಓದಿದ. ಯೆರೂಸಲೇಮಿನ ಗೋಡೆ ಕಟ್ಟಿದವರ ಪಟ್ಟಿ ಅದು. ಯಾರು ಯಾವ ಬಾಗಿಲು, ಯಾರ ಪಕ್ಕಕ್ಕೆ ಯಾರು, ಅಕ್ಕಸಾಲಿಗ, ಅತ್ತರಿನವ, ತನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದವ, ಒಬ್ಬರನ್ನೂ ಬಿಡದೆ! ಹಾಗೇ ಓದುತ್ತ ತೆಕೋವ ಎಂಬ ಊರಿಗೆ ಬಂದು ನಿಂತ.

"ಇಲ್ಲಿ ನೋಡ್ರಿ. ಈ ಊರಿನ ದೊಡ್ಡ ಮಂದಿ ಹೆಗಲು ಕೊಡ್ಲಿಲ್ಲಂತ. ಅದೂ ಬರದಿಟ್ಟಾರ. ಇವತ್ತಿಗೂ ಹುಮನಾಬಾದ ತನಕ ಎಲ್ಲರಿಗೂ ಗೊತ್ತದ!"

ಅಂದವನೇ ಕನ್ನಡಕದ ಮೇಲಿನಿಂದ ಕುರ್ಚಿಗಳ ಕಡೆ ಒಮ್ಮೆ ನೋಡಿದ. ನಾನು ಮೂರನೇ ಕುರ್ಚಿಯಲ್ಲಿದ್ದೆ. ಸಂಜೆಯೊಳಗೆ ಗೋಡೆ ಎದ್ದಿತು. ನನ್ನ ಸೊಂಟ ಏಳಲು ಮಾತ್ರ ಒಂದು ವಾರ ಹಿಡಿಯಿತು.

ಆ ಸೊಂಟನೋವಿನ ಸಿಟ್ಟಿನಲ್ಲೇ ಒಮ್ಮೆ ಕೇಳಿದೆ: "ಮಾಮಾ, ನಾಲ್ಕು ಮಂದಿಹಂಗ ಕೀರ್ತನೆ ಓದಬಾರದಾ? ಕುರುಬ, ಹಸಿರು ಹುಲ್ಲು, ತಣ್ಣನ್ ನೀರು... ಎಷ್ಟು ಸಮಾಧಾನ! ಈ ಹೆಸರಿನಾಗ ಏನ್ ಹಿಮ್ಮತ್ ಅದ?"

"ನೀ ಬಸ್ ಸ್ಟ್ಯಾಂಡಿನಾಗ ಕುಂತಿಲ್ಲೋ" ಅಂದ ಮಾಮಾ. "ಗದ್ದಲದಾಗ ಒಬ್ಬಾಕಿ ಗಂಡನ್ನ ಕಳಕೊಂಡು ನಿಂತಿರ್ತಾಳ. ಮೈಕಿನಾಗ 'ಸಮಾಧಾನ ಮಾಡ್ಕೋರಿ' ಅಂದ್ರ ಯಾರು ತಿರುಗಿ ನೋಡ್ತಾರ? ಆಕಿ ಹೆಸರು ಕರದು ನೋಡು. ಓಡಿ ಬರ್ತಾಳ."

ನಾನು ಶಾಲೆಯಲ್ಲಿ ಗಣಿತದ ಮಾಸ್ತರ. ಲೆಕ್ಕ ಬಿಡಿಸಲಾಗದಿದ್ದಾಗ ಮಾಸ್ತರರು ಮಾಡುವುದನ್ನೇ ಮಾಡಿದೆ, ನಕ್ಕು ಬೇರೆ ಮಾತು ತೆಗೆದೆ.

ಹೋದ ವರ್ಷ ನಮಗೆ ಮೊದಲನೆಯ ಕೂಸು ಹುಟ್ಟಿತು. ಹೆಣ್ಣು. ಎರಡು ದಿನ ಇತ್ತು, ಹೋಯಿತು.

ಹಿಮ್ಮತ್ ಹೇಳಲು ಬಂದವರಿಗೆ ಲೆಕ್ಕವಿಲ್ಲ. ದೇವರು ಕೊಟ್ಟ, ದೇವರು ತಗೊಂಡ ಅಂದರು. ಎಲ್ಲಾ ಒಳ್ಳೇದಕ್ಕೇ ಅಂದರು, ತಮ್ಮ ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು. ಫೋನು ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದ ವಾಕ್ಯಗಳಿಂದ ತುಂಬಿಹೋಯಿತು. ಯಾರ ಮನಸ್ಸೂ ಕೆಟ್ಟದ್ದಿರಲಿಲ್ಲ. ವಾಕ್ಯಗಳೂ ಸುಳ್ಳಲ್ಲ. ಆದರೆ ನನ್ನ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಹಾಗೇ ಇದ್ದಳು. ಬಂದವರು ಎದ್ದು ಹೋದಾಗ "ಹೋದ್ರೇನ್ರಿ?" ಅನ್ನುವುದೊಂದೇ ಆಕೆಯ ಮಾತು.

ಹತ್ತನೆಯ ದಿನವೋ ಏನೋ, ಮಾಮಾ ಬಂದ. ಮೊಣಕಾಲು ನೋವು, ಅದರಲ್ಲೇ ಬಸ್ ಹತ್ತಿ ಬಂದಿದ್ದ. ಬಾಗಿಲಲ್ಲಿ ಕಂಡದ್ದೇ ತಡ, ನಾನು ಮೊದಲು ಆತನ ಕೈ ನೋಡಿದೆ. ಇವತ್ತು ಯಾವ ಅಧ್ಯಾಯವಪ್ಪಾ! ಆದರೆ ಕೈಯಲ್ಲಿ ಪುಸ್ತಕ ಇರಲಿಲ್ಲ. ಕುರ್ಚಿ ಕೊಟ್ಟರೆ ಬೇಡವೆಂದು ಆಕೆಯ ಹಾಸಿಗೆಯ ಹತ್ತಿರ ನೆಲದ ಮೇಲೆ ಕೂತ. ಆಮೇಲೆ ಕೇಳಿದ:

"ಯವ್ವಾ, ಕೂಸಿನ ಹೆಸರು ಏನು?"

ನನ್ನ ತಾಯಿ ಅಡುಗೆಮನೆಯಿಂದ ಬೇಡ ಬೇಡವೆಂದು ಕೈಸನ್ನೆ ಮಾಡಿದಳು. ನಾನು ಗಡಿಬಿಡಿಯಲ್ಲಿ, "ಇನ್ನಾ ಹೆಸರು ಇಟ್ಟಿರ್ಲಿಲ್ಲ ಮಾಮಾ. ದವಾಖಾನಿ ಚೀಟಿಯೊಳಗೂ ಹೆಣ್ಣು ಕೂಸು ಅಂತಷ್ಟೇ ಅದ" ಅಂದೆ.

"ಇಟ್ಟಿದ್ದೆ" ಅಂದಳು ಹೆಂಡತಿ.

ಗೋಡೆಯ ಕಡೆಯಿಂದ ಇತ್ತ ಹೊರಳಿದ್ದಳು. ನನ್ನನ್ನು ನೋಡಲಿಲ್ಲ, ಮಾಮಾನನ್ನೇ ನೋಡುತ್ತಿದ್ದಳು.

"ಐದನೇ ತಿಂಗಳದಾಗೇ ಇಟ್ಟಿದ್ದೆ, ಹೆಣ್ಣಾದ್ರ ಇದೇ ಅಂತ. ಯಾರಿಗೂ ಹೇಳಿರ್ಲಿಲ್ಲ. ಕರುಣಾ."

"ಕರುಣಾ" ಅಂದ ಮಾಮಾ. ಮೈಕಿನ ಆವಾಜಿನಲ್ಲಲ್ಲ. ಆತನಿಗೆ ಅಷ್ಟು ಸಣ್ಣ ದನಿಯೂ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಹೆಂಡತಿ ಗೋಡೆ ಹಿಡಿದುಕೊಂಡು ಎದ್ದು ಕೂತಳು. ಕೂಸಿನ ಕೂದಲು ಎಷ್ಟು ದಟ್ಟ ಇತ್ತು, ಬೆರಳು ಕೊಟ್ಟರೆ ಹೇಗೆ ಬಿಗಿಯಾಗಿ ಹಿಡಿಯುತ್ತಿತ್ತು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಮೊದಲ ಸಲ ಅತ್ತಳು. ಮಾಮಾ ಹೂಂಗುಟ್ಟುತ್ತ ಕೇಳಿದ. ಒಂದು ವಾಕ್ಯವನ್ನೂ ಹೇಳಲಿಲ್ಲ.

ಅಳು ನಿಂತ ಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಮಾಮಾ, ಇನ್ನೊಮ್ಮೆ ಅನ್ರಿ" ಅಂದಳು.

ಮಾಮಾ ಇನ್ನೊಮ್ಮೆ ಅಂದ. ಆಮೇಲೆ ನಾನೂ ಅಂದೆ.