ಹೀಟರು ಮತ್ತು ತೆರೆದ ಬಾಗಿಲು

ಒದ್ದೆ ಉಣ್ಣೆಯ ಕೈಗವಸು ಬಿಸಿ ತಗಡಿನ ಮೇಲೆ ಒಣಗುವಾಗ ಬರುವ ವಾಸನೆ ಆರ್ವಿಡ್‌ಗೆ ಐದು ವರ್ಷದವನಿದ್ದಾಗಿನಿಂದ ಗೊತ್ತು. ಅಪ್ಪನ ಗ್ಯಾರೇಜಿನ ಹೀಟರಿನ ಮೇಲೆ ಮನೆಯವರೆಲ್ಲರ ಕೈಗವಸುಗಳು ಸಾಲಾಗಿ ಮಲಗಿರುತ್ತಿದ್ದವು. ಕುರಿಯೊಂದು ಸ್ನಾನ ಮಾಡಿ ಬಂದು ಒಲೆ ಮುಂದೆ ಕೂತಂಥ ವಾಸನೆ ಅದು. ಈಗ ಎಪ್ಪತ್ತೆರಡಾದರೂ, ಚಳಿಗಾಲದ ಬೆಳಿಗ್ಗೆ ತನ್ನ ಗ್ಯಾರೇಜಿಗೆ ಕಾಲಿಟ್ಟರೆ ಅವನ ಮೂಗು ಮೊದಲು ಅದನ್ನೇ ಹುಡುಕುತ್ತಿತ್ತು.

ಆ ಶುಕ್ರವಾರ ಅದು ಸಿಗಲಿಲ್ಲ. ಕೈಗವಸುಗಳು ಸತ್ತ ಮೀನಿನ ಹಾಗೆ ತಣ್ಣಗೆ ಜೋತುಬಿದ್ದಿದ್ದವು. ಗೋಡೆಯ ಹಳೇ ಗ್ಯಾಸ್ ಹೀಟರು ಉಸಿರೆತ್ತುತ್ತಿರಲಿಲ್ಲ. ಆರ್ವಿಡ್ ಗುಂಡಿ ಒತ್ತಿದ, ತಿರುಗಿಸಿದ, ಕೊನೆಗೆ ಮೆಲ್ಲಗೆ ತಟ್ಟಿದ. ಹೀಟರು ಟಿಕ್ ಎಂದಿತು, ಅಷ್ಟೆ.

ಬೇರೆ ದಿನವಾಗಿದ್ದರೆ ಅವನು ಕೋಟು ಹಾಕಿಕೊಂಡು ಸುಮ್ಮನಿರುತ್ತಿದ್ದ. ಆದರೆ ಮೂಲೆಯಲ್ಲಿ ಹಸಿರು ತಾಡಪಾಲಿನ ಕೆಳಗೆ ಒಂದು ತೊಟ್ಟಿಲಿತ್ತು. ಅಂಗಳದ ಬರ್ಚ್ ಮರ ಬಿರುಗಾಳಿಗೆ ಬಿದ್ದಾಗ ಅದರದೇ ಹಲಗೆ ಕೊಯ್ದು ಮೂರು ತಿಂಗಳು ಕೂತು ಮಾಡಿದ್ದು. ಮಗಳು ಕಾರ್ಲಾ ಒಂಬತ್ತು ವರ್ಷ ಕಾದು ಹೆತ್ತ ಮಗುವಿಗೆ ಭಾನುವಾರ ದೀಕ್ಷಾಸ್ನಾನ. ತೊಟ್ಟಿಲ ವಿಷಯ ಅವನು ಹೆಂಡತಿ ಬೆರ್ನೀಸಳಿಗೂ ಹೇಳಿರಲಿಲ್ಲ. ಕೊನೆಯ ಪದರ ವಾರ್ನಿಷ್ ಹಚ್ಚಿದ್ದು ನಿನ್ನೆ ಸಂಜೆ. ಒಂದು ಹಗಲು ಒಂದು ರಾತ್ರಿ ಬೆಚ್ಚಗಿದ್ದರೆ ಒಣಗುತ್ತದೆ, ಇಲ್ಲದಿದ್ದರೆ ಮಗು ತೊಟ್ಟಿಲಿಗೇ ಅಂಟಿಕೊಳ್ಳುತ್ತದೆ.

ಬೆರ್ನೀಸ್ ಬೆಳಗಾಗುವ ಮೊದಲೇ ಚರ್ಚಿನ ಅಡುಗೆಮನೆಗೆ ಹೋಗಿದ್ದಳು. ಆರ್ವಿಡ್ ಗೆಳೆಯ ಡೆಲ್ಮರ್‌ಗೆ ಫೋನ್ ಮಾಡಿದ.

"ನಮ್ಮ ಹೀಟರು ಇವತ್ತು ಸ್ವಲ್ಪ ಸುಮ್ಮನಿದೆ."

ನಮ್ಮ ಹಾಲ್‌ವರ್ ಊರಿನಲ್ಲಿ ಯಾರೂ ಬಾಯಿಬಿಟ್ಟು ಸಹಾಯ ಕೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ 'ಇವತ್ತು ಒಳಗೆ ಒಂಚೂರು ಸೆಖೆ' ಅನ್ನುವ ಜನ ನಾವು. ಹತ್ತು ನಿಮಿಷದಲ್ಲಿ ಡೆಲ್ಮರ್ ಹಾಜರಾದ. ನಲವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವನು, ತನಗೆ ಬಿಚ್ಚಲು ಬಾರದ್ದು ಲೋಕದಲ್ಲಿ ಇಲ್ಲವೆಂದು ನಂಬಿದವನು. ಬೆನ್ನ ಹಿಂದೆ ಓರ್ಲಿನ್ ಬಂದ. ಹಿಂದೆ ಅಂಚೆ ಹಂಚುತ್ತಿದ್ದವನು, ಮಾತು ಕಡಿಮೆ.

"ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ," ಎಂದ ಓರ್ಲಿನ್, ಬೂಟಿನ ಹಿಮ ಕೊಡವುತ್ತ.

"ಇದೂ ಒಂದು ಚಳಿಯೇನೋ?" ಡೆಲ್ಮರ್ ಹೀಟರಿನ ಮುಚ್ಚಳ ಕಿತ್ತ. "ಎಂಬತ್ತೆರಡನೇ ಇಸವೀಲಿ ನಮ್ಮ ಹಸು ಹಾಲಿನ ಬದಲು ಐಸ್‌ಕ್ರೀಮ್ ಕೊಡ್ತಿತ್ತು."

"ನಿನ್ನ ಹತ್ರ ಹಸು ಯಾವಾಗಿತ್ತೋ?" ಎಂದ ಆರ್ವಿಡ್.

"ಪಕ್ಕದ ಮನೆಯವರದು. ಚಳಿ ಮಾತ್ರ ನಮ್ದೂ ಅದೇ."

"ಆ ವರ್ಷ ಅಂಚೆ ಡಬ್ಬಿಗಳೆಲ್ಲ ಹಿಮದಡಿ ಹೂತುಹೋಗಿದ್ವು," ಎಂದ ಓರ್ಲಿನ್ ನಿಧಾನವಾಗಿ. "ಒಂದು ತಿಂಗಳು ನಾನು ಕಾಗದಗಳನ್ನ ಚಿಮಣಿಯೊಳಗೆ ಹಾಕ್ತಿದ್ದೆ."

ಡೆಲ್ಮರ್ ಕೆಲಸ ನಿಲ್ಲಿಸಿ ಅವನನ್ನು ಗೌರವದಿಂದ ನೋಡಿದ. ಇದನ್ನು ಮೀರಿಸುವ ಸುಳ್ಳು ಅವನಿಗೆ ತಕ್ಷಣ ಹೊಳೆಯಲಿಲ್ಲ.

ಬಿಚ್ಚಿದ ಸಾಮಾನು ಇಡಲು ಜಾಗ ಬೇಕಾಗಿ ಅವನು ಕಪಾಟಿನ ಮೇಲೆ ಹೊದಿಸಿದ್ದ ಹಳೇ ಹಾಸಿಗೆ ಬಟ್ಟೆಗೆ ಕೈ ಹಾಕಿದ.

"ಅದನ್ನ ಮುಟ್ಟಬೇಡ ಮಾರಾಯ, ಬೆರ್ನೀಸ್‌ದು. ಕ್ರಿಸ್‌ಮಸ್ ಸಾಮಾನು ತೆಗೆದಿಟ್ಟಿರಬೇಕು."

"ಹಾಗಾದ್ರೆ ಈ ತಾಡಪಾಲು?"

"ಅದು ನಂದು. ಮರ."

ಸುಳ್ಳಲ್ಲ. ಡೆಲ್ಮರ್‌ಗೆ ತೊಟ್ಟಿಲೆಂದು ಹೇಳಿಬಿಟ್ಟರೆ ಮಧ್ಯಾಹ್ನದೊಳಗೆ ಇಡೀ ಜಿಲ್ಲೆ ತೂಗಿ ನೋಡಲು ಬರುತ್ತಿತ್ತು.

ಹನ್ನೊಂದು ಗಂಟೆಗೆ ಹೀಟರು ಕಾಗದ ಹಾಸಿದ ನೆಲದ ಮೇಲೆ ಅರವತ್ಮೂರು ತುಂಡಾಗಿ ಮಲಗಿತ್ತು. ಆರ್ವಿಡ್ ಕಾಫಿ ತಂದ. ಇಬ್ಬರೂ ನಮ್ಮೂರಿನ ಪದ್ಧತಿಯಂತೆ ಎರಡು ಸಲ ಬೇಡವೆಂದು ಮೂರನೇ ಸಲ ತೆಗೆದುಕೊಂಡರು. ಎರಡು ಗಂಟೆಗೆ ಹೀಟರು ಮತ್ತೆ ಗೋಡೆಗೇರಿತು. ಡೆಲ್ಮರನ ಅಂಗೈಯಲ್ಲಿ ಒಂದು ಸ್ಪ್ರಿಂಗು, ಎರಡು ತಿರುಪು ಉಳಿದಿದ್ದವು.

"ಇವು ಮೊದಲಿಂದಲೂ ಹೆಚ್ಚಿಗೆ ಇದ್ವು," ಎಂದು ಅವನು ಅವನ್ನು ಜೇಬಿಗೆ ಹಾಕಿಕೊಂಡ.

ಗುಂಡಿ ಒತ್ತಿದರು. ಟಿಕ್.

ಮತ್ತೆ ಬಿಚ್ಚಿದರು. ಆರ್ವಿಡ್ ಯಾರೂ ನೋಡದಾಗ ತಾಡಪಾಲಿನೊಳಗೆ ಬೆರಳು ತೂರಿಸಿ ತೊಟ್ಟಿಲ ಕಾಲನ್ನು ಮುಟ್ಟಿದ. ಬೆರಳು ಬೆಲ್ಲದ ಪಾಕದಲ್ಲಿ ಅದ್ದಿದಂತೆ ಅಂಟಿತು. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ನಾಲ್ಕು ಗಂಟೆಗೆ ಓರ್ಲಿನ್ ಕೋಟು ತೆಗೆದುಕೊಳ್ಳಲು ಗೂಟದ ಹತ್ತಿರ ಹೋದ. ಕೋಟುಗಳ ಹಿಂದೆ ಗ್ಯಾಸಿನ ಕೊಳವೆ. ಅದರ ನಲ್ಲಿಯ ಹಿಡಿ ಅಡ್ಡಕ್ಕಿತ್ತು. ಅಂದರೆ ಗ್ಯಾಸೇ ಬಂದ್. ಓರ್ಲಿನ್ ತಿರುಗಿ ನೋಡಿದ. ಡೆಲ್ಮರ್ ಮೂಗಿನವರೆಗೂ ಮಸಿ ಬಳಿದುಕೊಂಡು ಎರಡನೆಯ ಸಲ ಕೊನೆಯ ತಿರುಪು ಬಿಗಿಯುತ್ತಿದ್ದ. ಏಳು ಗಂಟೆ ದುಡಿದವನಿಗೆ ಇಂಥ ಮಾತು ಹೇಳುವುದು ಹೇಗೆ? ಓರ್ಲಿನ್ ಒಮ್ಮೆ ಕೆಮ್ಮಿದ, ಕೆಮ್ಮಿನ ಮರೆಯಲ್ಲಿ ಹಿಡಿಯನ್ನು ನೇರ ಮಾಡಿದ.

"ಈಗ ಒಂದ್ಸಲ ನೋಡು ಡೆಲ್ಮರ್. ನೀನು ಆ ಕೊನೇದನ್ನ ಬಿಗಿ ಮಾಡಿದ್ದು ಸರಿಹೋಗಿರಬೇಕು."

ಟಿಕ್, ಟಿಕ್, ಭುಸ್. ನೀಲಿ ಜ್ವಾಲೆ ಎದ್ದಿತು.

"ಗೊತ್ತಿತ್ತು ನಂಗೆ," ಎಂದ ಡೆಲ್ಮರ್. "ಎಲ್ಲಾ ಬಿಗಿಯೋದ್ರಲ್ಲೇ ಇರೋದು." ಓರ್ಲಿನ್ ತಲೆಯಾಡಿಸಿದ.

ಅರ್ಧ ಗಂಟೆಯಲ್ಲಿ ಗ್ಯಾರೇಜು ಬೆಚ್ಚಗಾಯಿತು. ಕೈಗವಸಿನಿಂದ ಆವಿ ಏಳತೊಡಗಿತು. ಸ್ನಾನ ಮಾಡಿದ ಕುರಿ ಒಲೆ ಮುಂದೆ ಬಂದು ಕೂತಿತು. ಆರ್ವಿಡ್ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಶನಿವಾರ ಪೂರ್ತಿ ಹೀಗೇ ಇದ್ದರೆ ಸಾಕು.

"ಸರಿ ಹಾಗಾದ್ರೆ," ಎಂದ ಡೆಲ್ಮರ್, ತೊಡೆ ತಟ್ಟಿಕೊಂಡು ಎದ್ದ. ಗ್ಯಾರೇಜಿನ ದೊಡ್ಡ ಬಾಗಿಲನ್ನು ಮೇಲೆತ್ತಿದ.

ನಮ್ಮೂರಿನಲ್ಲಿ 'ಸರಿ ಹಾಗಾದ್ರೆ' ಎಂದರೆ ಹೊರಟೆವು ಎಂದಲ್ಲ, ಹೊರಡುವ ಮಾತು ಶುರುವಾಯಿತು ಎಂದರ್ಥ. ಇಬ್ಬರೂ ಹೊಸ್ತಿಲಲ್ಲಿ ನಿಂತು ಟೋಪಿ ಹಾಕಿದರು. ಆಕಾಶ ನೋಡಿದರು.

"ಗಾಳಿ ಪಶ್ಚಿಮದ್ದು."

"ವಾಯವ್ಯ ಅನ್ಸುತ್ತೆ."

"ಎಂಬತ್ತೆರಡರಲ್ಲೂ ವಾಯವ್ಯದ್ದೇ. ಆಗ ನಮ್ಮ ನೆರಳು ಗೋಡೆಗೆ ಹೆಪ್ಪುಗಟ್ಟಿ ಕೂತು, ಏಪ್ರಿಲ್‌ವರೆಗೆ ಕೆಳಗಿಳೀಲಿಲ್ಲ," ಎಂದ ಡೆಲ್ಮರ್. ಬೆಳಿಗ್ಗೆ ಹೊಳೆಯದಿದ್ದ ಸುಳ್ಳು ಈಗ ಹೊಳೆದಿತ್ತು.

ಚಳಿ ನೆಂಟರ ಹಾಗೆ ಬಾಗಿಲು ತುಂಬ ಒಳಬಂದಿತು. ಬಾಗಿಲು ಹಾಕಿ ಎಂಬ ಎರಡು ಪದ ಆರ್ವಿಡನ ಗಂಟಲವರೆಗೆ ಬಂದು ಬಂದು ಹಿಂತಿರುಗಿದವು. ದಿನವಿಡೀ ದುಡಿದ ಗೆಳೆಯರಿಗೆ ಹಾಗೆನ್ನುವುದುಂಟೇ? ಹೀಟರು ಉಬ್ಬಸದವನಂತೆ ಏದುಸಿರು ಬಿಡುತ್ತಿತ್ತು. ಮುಕ್ಕಾಲು ಗಂಟೆಯಾದ ಮೇಲೆ ಅವರು ಹೊರಟಾಗ ಕೈಗವಸುಗಳು ಮತ್ತೆ ಸತ್ತ ಮೀನಾಗಿದ್ದವು.

ಆರ್ವಿಡ್ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಬೆರ್ನೀಸಳ ಕಾರು ಬಂತು. ಅವಳು ಇಳಿದವಳೇ ಹೀಟರಿನ ಜ್ವಾಲೆ ನೋಡಿ ಓಡಿಬಂದು ಕಪಾಟಿನ ಬಟ್ಟೆ ಎತ್ತಿದಳು. ಎಂಟು ಬಟ್ಟಲು ಜೆಲ್ಲಿ, ಕೆನೆ ಹಚ್ಚಿದ ಮೂರು ಕೇಕು, ಎರಡು ದೊಡ್ಡ ಪಾತ್ರೆ ಮಾಂಸದುಂಡೆ. ಭಾನುವಾರದ ಊಟ. ಬಟ್ಟಲೊಂದನ್ನು ಅಲುಗಾಡಿಸಿದಳು. ಜೆಲ್ಲಿ ಗಟ್ಟಿಯಾಗಿಯೇ ನಡುಗಿತು.

"ಬೆಳಿಗ್ಗೆನೇ ಹೇಳಿದ್ನಲ್ಲ, ಫ್ರಿಜ್ಜಲ್ಲಿ ಜಾಗ ಇಲ್ಲ, ಗ್ಯಾಸ್ ಬಂದ್ ಮಾಡಿದೀನಿ ಅಂತ. ನೀನು ಹೂಂ ಅಂದೆ."

"ನಿದ್ದೇಲಿ ಅಂದಿರಬೇಕು."

"ಯಾರು ಹಚ್ಚಿದ್ರೋ ಏನೋ. ನೀನಾದ್ರೂ ಬಾಗಿಲು ತೆಗೆದಿಟ್ಟು ಎಲ್ಲಾ ಉಳಿಸಿದ್ಯಲ್ಲ. ನಲವತ್ತೊಂದು ವರ್ಷದಲ್ಲಿ ಇದೇ ಮೊದಲು ನಿನ್ನ ಬುದ್ಧಿ ಸಮಯಕ್ಕೆ ಬಂದಿದ್ದು."

ಅವಳು ಕೋಟುಗಳ ಹಿಂದೆ ಕೈ ಹಾಕಿ ನಲ್ಲಿ ತಿರುಗಿಸಿದಳು. ಜ್ವಾಲೆ ಆರಿತು. "ಭಾನುವಾರ ಮಧ್ಯಾಹ್ನದವರೆಗೆ ಯಾರೂ ಮುಟ್ಟಕೂಡದು," ಎಂದು ದೊಡ್ಡ ಬಾಗಿಲು ಹಾಕಿ ಮನೆಯೊಳಗೆ ಹೋದಳು.

ಆರ್ವಿಡ್ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತ. ಬೆಳಿಗ್ಗೆ ಎಲ್ಲಿದ್ದನೋ ಅಲ್ಲೇ ಇದ್ದ, ಮೈತುಂಬ ಮಸಿಯೊಂದೇ ಲಾಭ. ಒಳಗೆ ಏನೋ ಎಳೆದಾಡುವ ಸದ್ದು ಕೇಳಿಸಿತು, ಆಮೇಲೆ ಫೋನಿನಲ್ಲಿ ಅವಳ ದನಿ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಗ್ಯಾರೇಜಿಗೆ ಬರುವ ಬಾಗಿಲು ತೆರೆದುಕೊಂಡಿತು. ಬೆರ್ನೀಸಳ ಹಿಂದೆ ಊಟದ ಮೇಜು ಗೋಡೆಗೆ ಸರಿದಿತ್ತು. ಒಲೆಯ ಮುಂದೆ ಸರಿಯಾಗಿ ತೊಟ್ಟಿಲಿನಷ್ಟು ನೆಲ ಖಾಲಿ, ಕೆಳಗೆ ಹಳೇ ಕಂಬಳಿ.

"ಒಂದು ತಿಂಗಳಿಂದ ನಿನ್ನ ಕೋಟಿಗೆ ವಾರ್ನಿಷ್ ವಾಸನೆ," ಎಂದಳು. "ಆ ತೊಟ್ಟಿಲು ಹೊರೋಕೆ ಭಾರ ಇರುತ್ತೆ ಅಂತ ಡೆಲ್ಮರ್‌ಗೂ ಓರ್ಲಿನ್‌ಗೂ ಬರಹೇಳಿದೀನಿ."

ಆರ್ವಿಡ್ ದೊಡ್ಡ ಬಾಗಿಲ ಕಡೆ ಗಾಬರಿಯಿಂದ ನೋಡಿದ.

"ಈ ಸಲ ಅವರು ಹೊರಡೋ ಮಾತನ್ನೆಲ್ಲ ಅಡುಗೆಮನೇಲೇ, ಬಾಗಿಲು ಹಾಕ್ಕೊಂಡೇ ಮುಗಿಸಲಿ," ಎಂದಳು ಬೆರ್ನೀಸ್. ಬಿಸಿ ಮಾಂಸದುಂಡೆ, ಆಲೂಗಡ್ಡೆ, ಬೆಣ್ಣೆ ಹಚ್ಚಿ ಸುತ್ತಿದ ರೊಟ್ಟಿ ಇದ್ದ ತಟ್ಟೆಯನ್ನು ಅವನ ಮಸಿ ಕೈಗೆ ಕೊಟ್ಟಳು.